ಟ್ಯೂಬ್‌ಲೆಸ್ ಟೈರ್ ಒಂದು ಕಡೆ ಮಾತ್ರ ಸರಿಯಾಗಿ ಕೂರದಿದ್ದರೆ

ಕಳೆದ ಬೇಸಿಗೆಯಲ್ಲಿ ನನ್ನ ಮೌಂಟನ್ ಬೈಕಿನ ಹಿಂದಿನ ಚಕ್ರಕ್ಕೆ ಹೊಸ ಟೈರ್ ಹಾಕಿದೆ. 29 ಇಂಚಿನ ಚಕ್ರ, 2.4 ಇಂಚು ಅಗಲದ ಟೈರ್. ಗಾಳಿ ತುಂಬಿದೆ, ಟಪ್ ಟಪ್ ಎಂದು ಸದ್ದು ಬಂತು, ಎಲ್ಲೂ ಸೋರಲಿಲ್ಲ. ಕೆಲಸ ಮುಗಿಯಿತು ಅಂದುಕೊಂಡೆ. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಪೆಡಲ್ ತಿರುಗಿಸಿದಾಗ ವಿಷಯ ಗೊತ್ತಾಯಿತು. ಪ್ರತಿ ಸುತ್ತಿಗೂ ಒಂದು ಜಾಗದಲ್ಲಿ ಟೈರ್ ಒಳಕ್ಕೆ ಕುಸಿದು ಮತ್ತೆ ಮೇಲೇಳುತ್ತಿತ್ತು. ರಿಮ್ ಮಾತ್ರ ನೆಟ್ಟಗೇ ಓಡುತ್ತಿತ್ತು.

ಇನ್ನಷ್ಟು ಗಾಳಿ ಹೊಡೆದು ಒತ್ತಡ ಏರಿಸಿದೆ. 30 ಪಿಎಸ್‌ಐ, 35, 40. ಕುಸಿದ ಜಾಗ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಕೊನೆಗೆ ಗಾಳಿ ಪೂರ್ತಿ ಬಿಟ್ಟು, ಆ ಜಾಗದಲ್ಲಿ ಟೈರ್ ಸರಿಸಿ ನೋಡಿದೆ. ಹಳೆಯ ಸೀಲೆಂಟ್ (ಸಣ್ಣ ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಒಣಗಿ, ಸುಮಾರು ಒಂದು ಗೇಣಿನಷ್ಟು ಉದ್ದಕ್ಕೆ ರಿಮ್ಮಿಗೆ ರಬ್ಬರಿನ ಸಿಪ್ಪೆಯಂತೆ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಕಿತ್ತು, ಒದ್ದೆ ಬಟ್ಟೆಯಿಂದ ಒರೆಸಿ, ಸೋಪು ನೀರು ಹಚ್ಚಿ ಮತ್ತೆ ಗಾಳಿ ತುಂಬಿದೆ. 30 ದಾಟುವ ಮೊದಲೇ ಟೈರ್ ಸುತ್ತಲೂ ಒಂದೇ ಸಮ ಕೂತಿತು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಟೈರ್ ಒಂದು ಕಡೆ ಕೂರುತ್ತಿಲ್ಲ ಎಂದರೆ ಅಲ್ಲಿ ಏನೋ ಅದನ್ನು ತಡೆದು ಹಿಡಿದಿದೆ. ಅದನ್ನು ಹುಡುಕಿ ತೆಗೆಯಬೇಕು. ಗಾಳಿಯ ಬಲದಿಂದ ಗೆಲ್ಲಲು ಹೋಗಬಾರದು.

ರಿಮ್ಮಿನ ಒಳಗೆ ಏನಿದೆ

ಟೈರ್ ತೆಗೆದ ಬರಿ ರಿಮ್ಮನ್ನು ಒಮ್ಮೆ ನೋಡಿ. ಅದರ ಒಳಭಾಗ ನಮ್ಮ ಹಳೆಯ ತೊಟ್ಟಿ ಮನೆಯ ಹಾಗೆ ಇರುತ್ತದೆ. ನಡುವೆ ತಗ್ಗು. ಆ ತಗ್ಗಿನ ಎರಡೂ ಬದಿಗೆ ಸ್ವಲ್ಪ ಎತ್ತರದ ಜಗಲಿ. ಜಗಲಿಯ ಆಚೆ ಗೋಡೆ. ಹಲವು ರಿಮ್‌ಗಳಲ್ಲಿ ತಗ್ಗಿಗೂ ಜಗಲಿಗೂ ನಡುವೆ ಒಂದು ಸಣ್ಣ ಏರು ಇರುತ್ತದೆ, ಹೊಸ್ತಿಲಿನ ಹಾಗೆ.

ಟೈರಿನ ಎರಡೂ ಅಂಚಿನಲ್ಲಿ ಗಟ್ಟಿಯಾದ ಬಳೆಯಂಥ ಭಾಗ ಇರುತ್ತದೆ. ಅದೇ ಬೀಡ್. ಮಡಚಬಹುದಾದ ಟೈರ್‌ಗಳಲ್ಲಿ ಅದರೊಳಗೆ ಕೆವ್ಲಾರ್‌ನಂಥ ಅರಮಿಡ್ ನೂಲು, ಅಗ್ಗದ ಟೈರ್‌ಗಳಲ್ಲಿ ಉಕ್ಕಿನ ತಂತಿ. ಎರಡೂ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಹಿಗ್ಗಬಾರದು ಕೂಡ. ಹಿಗ್ಗಿದರೆ ಟೈರ್ ರಿಮ್ಮಿನಿಂದ ಹಾರಿ ಹೋಗುತ್ತದೆ.

ಹಿಗ್ಗದ ಬಳೆಯನ್ನು ಗೋಡೆ ದಾಟಿಸಿ ಒಳಗೆ ಹಾಕುವುದು ಹೇಗೆ? ಬಳೆಗಾರ ಮಾಡುವ ಹಾಗೆ. ಆತ ಅಂಗೈಯನ್ನು ಒತ್ತಿ ಕಿರಿದು ಮಾಡುತ್ತಾನೆ. ಬಿಗಿಯಾದರೆ ಸೋಪು ಹಚ್ಚುತ್ತಾನೆ. ಇಲ್ಲಿ ಅಂಗೈ ಒತ್ತುವ ಕೆಲಸವನ್ನು ನಡುವಿನ ತಗ್ಗು ಮಾಡುತ್ತದೆ. 29 ಇಂಚಿನ ಚಕ್ರದಲ್ಲಿ ಬೀಡ್ ಕೂರುವ ಜಾಗದ ವ್ಯಾಸ 622 ಮಿಲಿಮೀಟರ್, 27.5 ಇಂಚಿನದರಲ್ಲಿ 584. ತಗ್ಗು 3 ಮಿಲಿಮೀಟರ್ ಆಳ ಇದೆ ಅಂದುಕೊಳ್ಳಿ. ಸುತ್ತಳತೆಯಲ್ಲಿ ಸುಮಾರು 19 ಮಿಲಿಮೀಟರ್ ಸಡಿಲ ಸಿಗುತ್ತದೆ. ಆ ಸಡಿಲವೇ ಟೈರ್ ಹಾಕಲು ದಾರಿ.

ಗಾಳಿ ತುಂಬಿದಾಗ ಇದರ ಉಲ್ಟಾ ನಡೆಯಬೇಕು. ಬೀಡ್ ತಗ್ಗಿನಿಂದ ಜಾರಿ, ಹೊಸ್ತಿಲು ದಾಟಿ, ಜಗಲಿ ಹತ್ತಿ, ಗೋಡೆಗೆ ಒರಗಿ ಕೂರಬೇಕು. ಟಪ್ ಎನ್ನುವ ಸದ್ದು ಅದು ಹೊಸ್ತಿಲು ದಾಟುವ ಸದ್ದು. ಸುತ್ತಲೂ ಎಲ್ಲ ಕಡೆ ಹತ್ತಿ, ಒಂದು ಗೇಣಿನಷ್ಟು ಉದ್ದ ಮಾತ್ರ ಕೆಳಗೇ ಉಳಿದರೆ ಚಕ್ರ ಕುಣಿಯುತ್ತದೆ.

1999ರಲ್ಲಿ ಮಾವಿಕ್, ಮಿಶೆಲಿನ್, ಹಚಿನ್‌ಸನ್ ಸೇರಿ ಮೌಂಟನ್ ಬೈಕಿಗೆ ಯುಎಸ್‌ಟಿ ಎಂಬ ಟ್ಯೂಬ್‌ಲೆಸ್ ಪದ್ಧತಿ ತಂದಾಗ ರಿಮ್ ಮತ್ತು ಟೈರ್ ಎರಡನ್ನೂ ಒಂದಕ್ಕೊಂದು ಹೊಂದುವಂತೆ ನಿಖರವಾದ ಅಳತೆಗೆ ಮಾಡುತ್ತಿದ್ದರು. ಈಗ ನಾವು ಒಬ್ಬರ ರಿಮ್ಮಿಗೆ ಇನ್ನೊಬ್ಬರ ಟೈರ್ ಹಾಕುತ್ತೇವೆ. ನಡುವೆ, ರಿಮ್ಮಿನ ತೂತು ಮುಚ್ಚಲು, ಮೂರನೆಯವರ ಟೇಪ್. ಎಲ್ಲವೂ ಅಳತೆಯೊಳಗೇ ಇದ್ದರೂ ಒಂದು ಜೋಡಿ ಬಿಗಿಯಾಗುತ್ತದೆ, ಇನ್ನೊಂದು ಸಡಿಲವಾಗುತ್ತದೆ. ಟೈರ್ ಕೆಟ್ಟದ್ದು ಎಂದು ಬೈಯುವ ಮೊದಲು ಇದು ನೆನಪಿರಲಿ.

ಗೆರೆ ನೋಡಿ

ಟೈರಿನ ಬದಿಯಲ್ಲಿ, ರಿಮ್ಮಿನ ಅಂಚಿನಿಂದ ಕೆಲವೇ ಮಿಲಿಮೀಟರ್ ಮೇಲೆ, ಸುತ್ತಲೂ ಒಂದು ತೆಳು ಗೆರೆ ಉಬ್ಬಿರುತ್ತದೆ. ಅಚ್ಚಿನಲ್ಲೇ ಮೂಡಿದ್ದು. ಅದು ಅಲಂಕಾರಕ್ಕಲ್ಲ, ಇದೇ ಕೆಲಸಕ್ಕೆ ಇರುವುದು. ಗೆರೆಗೂ ರಿಮ್ಮಿನ ಅಂಚಿಗೂ ಇರುವ ಅಂತರ ಸುತ್ತಲೂ ಒಂದೇ ಇದ್ದರೆ ಬೀಡ್ ಸರಿಯಾಗಿ ಕೂತಿದೆ. ಎಲ್ಲಾದರೂ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಅಲ್ಲಿ ಬೀಡ್ ಇನ್ನೂ ತಗ್ಗಿನಲ್ಲಿದೆ. ಎರಡೂ ಬದಿ ನೋಡಬೇಕು. ಒಂದು ಬದಿ ಚೆನ್ನಾಗಿ ಕೂತು ಇನ್ನೊಂದು ಕೂರದೆ ಇರುವುದು ತುಂಬ ಸಾಮಾನ್ಯ.

ಗೆರೆ ಎಲ್ಲಾದರೂ ಮಿಕ್ಕ ಕಡೆಗಿಂತ ಎದ್ದು ಮೇಲೆ ಬಂದಿದ್ದರೆ ಕೂಡಲೇ ಗಾಳಿ ಬಿಡಿ. ಬೀಡ್ ಹಿಗ್ಗುವುದಿಲ್ಲ ಅಂದೆ ಅಲ್ವಾ, ಹಾಗಾಗಿ ಒಂದು ಕಡೆ ಕೆಳಗೆ ಇಳಿದರೆ ಎದುರುಗಡೆ ಮೇಲೆ ಏಳಬಹುದು. ಎದ್ದ ಕಡೆ ಬೀಡ್ ಗೋಡೆ ಹತ್ತಿ ಆಚೆ ಜಾರುವ ಅಪಾಯ ಇದೆ.

ಗೆರೆ ಎರಡೂ ಬದಿ ಸಮನಾಗಿದ್ದು ಚಕ್ರ ಮಾತ್ರ ಕುಣಿದರೆ? ಆಗ ಕಾರಣ ಬೇರೆ. ಫ್ರೇಮಿಗೆ ಒಂದು ಪೆನ್ಸಿಲ್ ಒತ್ತಿ ಹಿಡಿದು, ತುದಿಯನ್ನು ರಿಮ್ಮಿನ ಹತ್ತಿರ ತನ್ನಿ. ಚಕ್ರ ತಿರುಗಿಸಿ. ಅಂತರ ಹೆಚ್ಚುಕಡಿಮೆ ಆಗುತ್ತಿದ್ದರೆ ರಿಮ್ಮೇ ಸೊಟ್ಟ, ಸ್ಪೋಕ್ ಸರಿ ಮಾಡಿಸಬೇಕು. ರಿಮ್ ಸರಿ ಇದ್ದು, ಟೈರಿನ ಮೇಲಿನ ರಬ್ಬರ್ ಉಬ್ಬುಗಳ ಸಾಲು ಮಾತ್ರ ಎಡಬಲಕ್ಕೆ ಸ್ವಲ್ಪ ಓಲಾಡಿದರೆ, ರಬ್ಬರನ್ನು ಅಂಟಿಸುವಾಗ ಆದ ಸಣ್ಣ ಓರೆ ಅದು. ಹೊಸ ಟೈರ್‌ಗಳಲ್ಲೂ ಇರುತ್ತದೆ. ಓಡಿಸುವಾಗ ತಿಳಿಯುವುದೂ ಇಲ್ಲ. ಆದರೆ ಹಳೆಯ ಟೈರ್ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಹಾವಿನಂತೆ ಬಳುಕಲು ಶುರು ಮಾಡಿದರೆ, ಅಥವಾ ಗಂಟಿನಂತೆ ಉಬ್ಬಿದರೆ, ಒಳಗಿನ ನೂಲು ಹರಿದಿದೆ. ಅದಕ್ಕೆ ಸೋಪು ನೀರು ಮದ್ದಲ್ಲ. ಆ ಟೈರ್ ಬಿಸಾಡಬೇಕು.

ಜಾಸ್ತಿ ಗಾಳಿ ಯಾಕೆ ಉತ್ತರವಲ್ಲ

ಒಂದು ಸಣ್ಣ ಲೆಕ್ಕ. ಟೈರಿನ ಗೋಡೆ ಬೀಡನ್ನು ಎಳೆಯುವ ಬಲ ಎರಡು ವಿಷಯದ ಮೇಲೆ ನಿಂತಿದೆ, ಗಾಳಿಯ ಒತ್ತಡ ಮತ್ತು ಟೈರಿನ ದಪ್ಪ. 2.4 ಇಂಚಿನ ಟೈರಿಗೆ 40 ಪಿಎಸ್‌ಐ ತುಂಬಿದರೆ ಬೀಡಿನ ಪ್ರತಿ ಸೆಂಟಿಮೀಟರ್ ಉದ್ದಕ್ಕೂ ಸುಮಾರು ಎಂಟೂವರೆ ಕಿಲೋ ಎಳೆತ ಬೀಳುತ್ತದೆ. ಸುತ್ತಲೂ ಕೂಡಿದರೆ ಒಂದು ಬದಿಗೇ ಒಂದೂವರೆ ಟನ್ ದಾಟುತ್ತದೆ. ಅದೇ 40 ಪಿಎಸ್‌ಐಯನ್ನು 25 ಮಿಲಿಮೀಟರಿನ ರಸ್ತೆ ಸೈಕಲ್ ಟೈರಿಗೆ ತುಂಬಿದರೆ ಸೆಂಟಿಮೀಟರಿಗೆ ಮೂರೂವರೆ ಕಿಲೋ ಮಾತ್ರ. ರೋಡ್ ಬೈಕಿಗೆ 80 ಹಾಕುತ್ತೇವಲ್ಲ, ಇದಕ್ಕೆ 60 ಹಾಕಿದರೆ ಏನಾಯಿತು ಎಂದು ಸುಮ್ನೆ ಹೊಡೆಯುವವರನ್ನು ನೋಡಿದ್ದೇನೆ. ದಪ್ಪ ಟೈರಿನಲ್ಲಿ 60 ಎನ್ನುವುದು ತುಂಬ ದೊಡ್ಡ ಬಲ.

ಇಷ್ಟು ಬಲ ಇದ್ದೂ ಬೀಡ್ ಯಾಕೆ ಅಲ್ಲಾಡುವುದಿಲ್ಲ? ಒತ್ತಡ ಹೆಚ್ಚಿದಂತೆ ಒಣ ರಬ್ಬರ್ ರಿಮ್ಮಿಗೆ ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಎಳೆತ ಹೆಚ್ಚಿದಷ್ಟೂ ಹಿಡಿತವೂ ಹೆಚ್ಚುತ್ತದೆ. ಸಿಕ್ಕಿಕೊಂಡ ಜಾಗ ಸಿಕ್ಕಿಕೊಂಡೇ ಇರುತ್ತದೆ. ಮಿಕ್ಕ ಕಡೆ ರಿಮ್ಮಿನ ಗೋಡೆ ಮೇಲೆ ಹೊರೆ ಏರುತ್ತಾ ಹೋಗುತ್ತದೆ.

ಟೈರ್ ಮೇಲೆ ಗರಿಷ್ಠ ಒತ್ತಡ ಬರೆದಿರುತ್ತದೆ. ರಿಮ್ಮಿಗೂ ಒಂದು ಮಿತಿ ಇರುತ್ತದೆ. ಎರಡರಲ್ಲಿ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ. ರಿಮ್ಮಿನ ಗೋಡೆಯ ತುದಿಯಲ್ಲಿ ಒಳಕ್ಕೆ ಬಾಗಿದ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್ ಆಗಿದ್ದರೆ ಇನ್ನೂ ಹುಷಾರು. ನಾನು ಅಗಲ ಟೈರಿನಲ್ಲಿ 40 ದಾಟುವುದಿಲ್ಲ, ಅದಕ್ಕಿಂತ ಕಡಿಮೆ ಬರೆದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಬೀಡ್ ರಿಮ್ಮಿನಿಂದ ಹಾರಿದಾಗ ಬರುವ ಸದ್ದು ಪಟಾಕಿಯದ್ದಲ್ಲ, ಗುಂಡಿನದ್ದು. ಕಿವಿಗೆ, ಕಣ್ಣಿಗೆ, ಬೆರಳಿಗೆ ಪೆಟ್ಟು ಬೀಳಬಹುದು. ಗಾಳಿ ತುಂಬುವಾಗ ಮುಖ ಹತ್ತಿರ ತರಬೇಡಿ. ನೋಡಬೇಕೆಂದರೆ ಪಂಪ್ ನಿಲ್ಲಿಸಿ, ಸ್ವಲ್ಪ ಗಾಳಿ ಇಳಿಸಿ ನೋಡಿ.

ಪಂಚರ್ ಅಂಗಡಿಯ ಕಂಪ್ರೆಸರ್ ಬಗ್ಗೆಯೂ ಒಂದು ಮಾತು. ಅದು ಲಾರಿ ಟೈರಿಗೂ ಗಾಳಿ ಹಾಕುವ ಯಂತ್ರ. ಕ್ಷಣಗಳಲ್ಲಿ ಮಿತಿ ದಾಟಿಸುತ್ತದೆ. ಬೀಡ್ ಏಳಿಸಲು ಅದರ ರಭಸ ಒಳ್ಳೆಯದೇ. ಆದರೆ ಸೈಕಲ್ಲಿನ ತೆಳು ಪ್ರೆಸ್ಟಾ ವಾಲ್ವಿಗೆ ಹಿತ್ತಾಳೆ ಅಡಾಪ್ಟರ್ ಹಾಕಿ, ಸ್ವಲ್ಪ ಸ್ವಲ್ಪವಾಗಿ ಬಿಡಿ ಎಂದು ಕೇಳಿ, ಮೀಟರ್ ಮೇಲೆ ಕಣ್ಣಿಟ್ಟು ನಿಲ್ಲಬೇಕು.

ತಡೆಯುತ್ತಿರುವುದು ಏನು

ಹಳೆಯ ಸೀಲೆಂಟಿನ ಕಥೆ ಹೇಳಿದೆ. ಒಮ್ಮೆ ಬಳಸಿದ ರಿಮ್ ಅಥವಾ ಟೈರ್ ಆಗಿದ್ದರೆ ನಾನು ಮೊದಲು ಹುಡುಕುವುದು ಅದನ್ನೇ. ಬೀಡಿನ ಮೇಲೂ ಅಂಟಿರುತ್ತದೆ. ಬೆರಳು ಸವರಿದರೆ ತಿಳಿಯುತ್ತದೆ.

ಹೊಸ ಸಾಮಾನಿನಲ್ಲಿ ಮುಖ್ಯ ಅನುಮಾನ ಟೇಪಿನ ಮೇಲೆ. ಸ್ಪೋಕ್ ತೂತು ಮುಚ್ಚುವ ಈ ಟೇಪ್ ನೋಡಲು ತೆಳು. ಆದರೆ ಲೆಕ್ಕ ಹಾಕಿ. ಒಂದು ಪದರ 0.15 ಮಿಲಿಮೀಟರ್ ಇದ್ದರೆ ಜಗಲಿಯ ಸುತ್ತಳತೆ ಸುಮಾರು 1 ಮಿಲಿಮೀಟರ್ ಹೆಚ್ಚುತ್ತದೆ. ಎರಡು ಸುತ್ತು ಹಾಕಿದರೆ 2 ಮಿಲಿಮೀಟರ್. ಹಿಗ್ಗದ ಬೀಡಿಗೆ 2 ಮಿಲಿಮೀಟರ್ ಎಂದರೆ ಸುಲಭವಾಗಿ ಹತ್ತುವುದಕ್ಕೂ ಹತ್ತದೇ ನಿಲ್ಲುವುದಕ್ಕೂ ಇರುವ ವ್ಯತ್ಯಾಸ. ಹಾಗಾಗಿ ಟೈರ್ ಕೈಯಿಂದ ಹಾಕಲೂ ಆಗದಷ್ಟು ಬಿಗಿ ಇದ್ದರೆ ಟೇಪ್ ಒಂದೇ ಸುತ್ತು, ತೆಳುವಾದದ್ದು ಇರಲಿ. ಟೈರ್ ತೀರಾ ಸಡಿಲವಾಗಿ, ಗಾಳಿ ಹಾಕಿದಷ್ಟೂ ಬದಿಯಿಂದ ಹೋಗುತ್ತಿದ್ದರೆ ಆಗ ಇನ್ನೊಂದು ಸುತ್ತು ಹಾಕುವುದೇ ಪರಿಹಾರ. ಒಂದೇ ಮದ್ದು ಎರಡೂ ರೋಗಕ್ಕೆ ಅಲ್ಲ.

ಟೇಪ್ ಎಲ್ಲಿ ಮುಗಿಯುತ್ತದೆ ಎನ್ನುವುದೂ ಮುಖ್ಯ. ಎರಡೂ ಜಗಲಿಯನ್ನು ಮುಚ್ಚಬೇಕು, ಗೋಡೆ ಹತ್ತಬಾರದು. ಓರೆಯಾಗಿ ಅಂಟಿಸಿದರೆ ಒಂದು ಕಡೆ ಜಗಲಿಯ ಅರ್ಧಕ್ಕೆ ಟೇಪಿನ ಅಂಚು ನಿಲ್ಲುತ್ತದೆ. ಬೀಡ್ ಜಾರುತ್ತಾ ಬಂದು ಆ ಅಂಚನ್ನು ಎತ್ತಿ ಮಡಚುತ್ತದೆ. ಆ ಮಡಿಕೆಗೇ ತಾನು ಸಿಕ್ಕಿಬೀಳುತ್ತದೆ. ಟೇಪಿನ ಕೆಳಗೆ ಗಾಳಿಗುಳ್ಳೆ ಇದ್ದರೂ ಹೀಗೇ. ಅದಕ್ಕೇ ಟೇಪನ್ನು ಚೆನ್ನಾಗಿ ಎಳೆದು ಅಂಟಿಸಿ, ತಗ್ಗಿನೊಳಕ್ಕೆ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಬೇಕು. ಅಂಟಿಸುವ ಮೊದಲು ರಿಮ್ಮನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಚೆನ್ನಾಗಿ ಹಿಡಿಯುತ್ತದೆ.

ಕುಸಿದ ಜಾಗ ವಾಲ್ವಿನ ಹತ್ತಿರವೇ ಇದ್ದರೆ ವಾಲ್ವಿನ ಬುಡ ನೋಡಿ. ಅದರ ರಬ್ಬರ್ ಬುಡ ತಗ್ಗನ್ನು ತುಂಬಿಬಿಡುತ್ತದೆ. ಬೀಡ್ ಅದರ ಪಕ್ಕಕ್ಕೆ ಹೋಗುವ ಬದಲು ಅದರ ಮೇಲೇರಿ ಕೂತಿರಬಹುದು. ಎರಡೂ ಬೀಡನ್ನು ಕೈಯಿಂದ ಅದರ ಇಕ್ಕೆಲಕ್ಕೆ ತಳ್ಳಬೇಕು. ಟೈರ್ ಹಾಕುವಾಗ ವಾಲ್ವಿನ ಎದುರುಗಡೆ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸುವುದು ಒಳ್ಳೆಯದು ಎನ್ನುವುದೂ ಇದಕ್ಕೇ. ಅಲ್ಲಿ ತಗ್ಗು ತುಂಬಿರುವುದರಿಂದ ಸಡಿಲ ಸಿಗುವುದಿಲ್ಲ, ಮಿಕ್ಕ ಕಡೆ ಸಿಗುತ್ತದೆ.

ಮಡಚಿ ಪೆಟ್ಟಿಗೆಯಲ್ಲಿ ಬಂದ ಟೈರಿನಲ್ಲಿ ಮಡಿಕೆ ಬಿದ್ದ ಜಾಗ ಮೊಂಡಾಗಿರುತ್ತದೆ. ಅದನ್ನು ಬಿಡಿಸಿ ಬಿಸಿಲಿಗೆ ಇಟ್ಟರೆ ರಬ್ಬರ್ ಮೆತ್ತಗಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಅರ್ಧ ಗಂಟೆ ಸಾಕು. ಇನ್ನು ಕಲ್ಲಿಗೆ ಬಡಿದು ರಿಮ್ಮಿನ ಅಂಚು ಒಳಕ್ಕೆ ತಗ್ಗಿದ್ದರೆ, ಬೀಡ್ ಅಲ್ಲಿ ಯಾವತ್ತೂ ಸರಿಯಾಗಿ ಕೂರುವುದಿಲ್ಲ.

ನಾನು ಮಾಡುವ ಕ್ರಮ

ಮೊದಲು ಕುಸಿದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಆಮೇಲೆ ಗಾಳಿ ಪೂರ್ತಿ ಬಿಡುತ್ತೇನೆ. ಗಾಳಿ ಬಿಟ್ಟ ಮೇಲೆ ಆ ಜಾಗ ಯಾವುದೆಂದು ಮರೆತುಹೋಗುತ್ತದೆ. ಆಮೇಲೆ ಗುರುತಿನ ಎರಡೂ ಬದಿಗೆ ಒಂದೊಂದು ಮೊಳ ಉದ್ದಕ್ಕೆ ಬೀಡನ್ನು ಹೆಬ್ಬೆರಳಿನಿಂದ ಒತ್ತಿ ತಗ್ಗಿಗೆ ಇಳಿಸುತ್ತೇನೆ. ಕೂತಿರುವ ಭಾಗವನ್ನೂ ಸ್ವಲ್ಪ ಇಳಿಸಬೇಕು, ಆಗಲೇ ಸಿಕ್ಕಿದ ಭಾಗಕ್ಕೆ ಸಡಿಲ ಸಿಗುವುದು. ಸ್ಕ್ರೂಡ್ರೈವರ್ ಹತ್ತಿರಕ್ಕೂ ತರಬೇಡಿ. ಟೇಪ್ ಹರಿಯುತ್ತದೆ, ಬೀಡ್ ಹಾಳಾಗುತ್ತದೆ.

ಈಗ ಇಣುಕಿ ನೋಡಿ ಒರೆಸುತ್ತೇನೆ. ಪಾತ್ರೆ ತೊಳೆಯುವ ದ್ರವ ಸೋಪನ್ನು ನೀರಿಗೆ ಕಲಸಿ, ಸ್ಪಂಜಿನಿಂದ ಬೀಡಿಗೂ ಜಗಲಿಗೂ ಧಾರಾಳವಾಗಿ ಹಚ್ಚುತ್ತೇನೆ. ಕಾರಿನ ಟೈರ್ ಅಂಗಡಿಯಲ್ಲಿ ಸಿಗುವ ಪೇಸ್ಟ್ ಇನ್ನೂ ಚೆನ್ನ. ಎಣ್ಣೆ, ಗ್ರೀಸ್, ಡಬ್ಲ್ಯುಡಿ-40 ಯಾವುದೂ ಬೇಡ. ಅವು ರಬ್ಬರಿಗೆ ಒಳ್ಳೆಯದಲ್ಲ, ಒಣಗುವುದೂ ಇಲ್ಲ. ಬ್ರೇಕ್ ಹಾಕಿದಾಗ ಟೈರ್ ರಿಮ್ಮಿನ ಮೇಲೆ ಜಾರಬಹುದು. ಸೋಪು ನೀರಿನ ದೊಡ್ಡ ಗುಣವೇ ಅದು, ಬೇಕಾದಾಗ ಜಾರಿಸಿ ಆಮೇಲೆ ಒಣಗಿ ಹೋಗುತ್ತದೆ. ಡಿಸ್ಕ್ ಬ್ರೇಕಿನ ರೋಟರ್ ಮೇಲೆ ಮಾತ್ರ ಬೀಳದಂತೆ ನೋಡಿಕೊಳ್ಳಿ.

ವಾಲ್ವಿನ ಕೋರ್, ಅಂದರೆ ಗಾಳಿ ಹೊರಹೋಗದಂತೆ ತಡೆಯುವ ಒಳತುಂಡು, ಬಿಚ್ಚಿ ಗಾಳಿ ತುಂಬುತ್ತೇನೆ. ಆ ಸಣ್ಣ ತುಂಡು ಇಲ್ಲದಿದ್ದರೆ ಗಾಳಿ ರಭಸವಾಗಿ ಒಳಗೆ ನುಗ್ಗುತ್ತದೆ. ಬೀಡ್ ಏಳುವುದಕ್ಕೆ ಒತ್ತಡಕ್ಕಿಂತ ಈ ರಭಸ ಹೆಚ್ಚು ಸಹಾಯ ಮಾಡುತ್ತದೆ. 15 ಪಿಎಸ್‌ಐ ಸುಮಾರಿಗೆ ನಿಲ್ಲಿಸಿ, ಗುರುತಿನ ಜಾಗದಲ್ಲಿ ಟೈರನ್ನು ಎರಡೂ ಕೈಯಿಂದ ಹಿಡಿದು ಎಡಬಲ ಹಿಂಡುತ್ತೇನೆ. ಆ ಜಾಗವನ್ನೇ ನೆಲಕ್ಕೆ ನಾಲ್ಕೈದು ಸಲ ಕುಟ್ಟುತ್ತೇನೆ. ಆಮೇಲೆ ನಿಧಾನವಾಗಿ 30ರ ಕಡೆ. ಬಹಳ ಸಲ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಕೋರ್ ಮತ್ತೆ ಹಾಕಿ, ಮಿತಿಯೊಳಗಿನ ಒತ್ತಡಕ್ಕೆ ಗಾಳಿ ತುಂಬಿ ಬಿಟ್ಟು ಮಲಗಿ. ಇದು ಸೋಮಾರಿತನದ ಸಲಹೆ ಅಲ್ಲ. ರಬ್ಬರ್ ನಿಧಾನವಾಗಿ ಒಗ್ಗುವ ವಸ್ತು. ಒದ್ದೆ ಬೀಡ್ ರಾತ್ರಿ ಯಾವಾಗಲೋ ತಾನಾಗಿ ಹತ್ತಿ ಕೂತು, ಬೆಳಿಗ್ಗೆ ಗೆರೆ ಸಮನಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಅದಕ್ಕೂ ಬಗ್ಗದಿದ್ದರೆ ಟ್ಯೂಬ್ ಹಾಕುವ ಉಪಾಯ ಇದೆ. ಟ್ಯೂಬ್‌ಲೆಸ್ ವಾಲ್ವ್ ತೆಗೆದು, ಒಳಗೆ ಮಾಮೂಲಿ ಟ್ಯೂಬ್ ಹಾಕಿ ಗಾಳಿ ತುಂಬಿ ಒಂದು ದಿನ ಬಿಡಿ. ಟ್ಯೂಬ್ ಸುತ್ತಲೂ ಒಂದೇ ಸಮ ತಳ್ಳುತ್ತದೆ. ಎರಡೂ ಬೀಡ್ ಕೂತ ಮೇಲೆ ಒಂದೇ ಬದಿ ಬಿಚ್ಚಿ ಟ್ಯೂಬ್ ಹೊರಗೆ ತೆಗೆಯಿರಿ. ಇನ್ನೊಂದು ಬದಿ ಕೂತೇ ಇರುತ್ತದೆ, ಉಳಿದದ್ದು ಅರ್ಧ ಕೆಲಸ. ಮಡಿಕೆ ಬಿದ್ದ ಹೊಸ ಟೈರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಆದರೂ ಅದೇ ಟೈರಿನ ಅದೇ ಜಾಗ ಕುಸಿಯುತ್ತಿದ್ದರೆ, ಟೈರನ್ನು ಬಿಚ್ಚಿ ಸ್ವಲ್ಪ ತಿರುಗಿಸಿ ಹಾಕಿ. ಕುಸಿತ ಟೈರಿನ ಜೊತೆ ತಿರುಗಿದರೆ ದೋಷ ಟೈರಿನದು, ಅಂಗಡಿಗೆ ಹಿಂತಿರುಗಿಸಿ. ರಿಮ್ಮಿನ ಅದೇ ಜಾಗದಲ್ಲಿ ಉಳಿದರೆ ಟೇಪ್ ಅಥವಾ ರಿಮ್. ಐದು ನಿಮಿಷದ ಈ ಪರೀಕ್ಷೆ ಅಂಗಡಿಯವರ ಜೊತೆ ವಾದವನ್ನೂ ಉಳಿಸುತ್ತದೆ.

ಸೀಲೆಂಟ್ ಕೊನೆಗೆ

ಹಲವರು ಮೊದಲೇ ಟೈರಿಗೆ ಸೀಲೆಂಟ್ ಸುರಿದು ಆಮೇಲೆ ಗಾಳಿ ಹಾಕುತ್ತಾರೆ. ಬೀಡ್ ಸಮನಾಗಿ ಕೂರದಿದ್ದರೆ ಮತ್ತೆ ಬಿಚ್ಚಬೇಕು, ಸೀಲೆಂಟ್ ನೆಲದ ಪಾಲು. ನಾನು ಸೀಲೆಂಟ್ ಹಾಕದ ಟೈರಿನಲ್ಲೇ ಬೀಡ್ ಕೂರಿಸಿ, ಎರಡೂ ಬದಿ ಗೆರೆ ನೋಡಿ, ಗಾಳಿ ಬಿಡುತ್ತೇನೆ. ಚೆನ್ನಾಗಿ ಕೂತ ಬೀಡ್ ಗಾಳಿ ಬಿಟ್ಟರೂ ಸಾಮಾನ್ಯವಾಗಿ ಜಗಲಿ ಬಿಟ್ಟು ಇಳಿಯುವುದಿಲ್ಲ, ಹೊಸ್ತಿಲು ತಡೆಯುತ್ತದೆ. ಆಮೇಲೆ ಕೋರ್ ತೆಗೆದ ವಾಲ್ವಿನ ಮೂಲಕ ಸಿರಿಂಜಿನಿಂದ ಸೀಲೆಂಟ್ ಹಾಕುತ್ತೇನೆ. 29 ಇಂಚಿನ 2.4 ಟೈರಿಗೆ 100 ಮಿಲಿಲೀಟರ್ ಆಸುಪಾಸು. ಬೆಂಗಳೂರಿನ ಸುತ್ತಲಿನ ಒಣ ಹಾದಿಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಜಾಸ್ತಿ, ಹಾಗಾಗಿ ನಾನು ಕೈ ಬಿಗಿ ಹಿಡಿಯುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಡ್ಜಿನಿಂದ ಗಾಳಿ ಹಾಕುವುದಿದ್ದರೆ ಸೀಲೆಂಟ್ ಡಬ್ಬಿಯ ಮೇಲಿನ ಸೂಚನೆ ಓದಿ. ಕೆಲವು ಲ್ಯಾಟೆಕ್ಸ್ ಸೀಲೆಂಟ್‌ಗಳು ಅದಕ್ಕೆ ಗಟ್ಟಿಯಾಗುತ್ತವೆ.

ಸ್ವಲ್ಪ ಕುಣಿದರೆ ಏನಂತೆ, ಓಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಟ್ಯೂಬ್‌ಲೆಸ್ ಹಾಕುವುದೇ ಒತ್ತಡ ಕಡಿಮೆ ಇಟ್ಟು ಹಿಡಿತ ಪಡೆಯಲು. ನಾನು ಮುಂದೆ 21, ಹಿಂದೆ 24 ಇಡುತ್ತೇನೆ. ಅಷ್ಟು ಕಡಿಮೆ ಒತ್ತಡದಲ್ಲಿ, ಇಳಿಜಾರಿನ ತಿರುವಿನಲ್ಲಿ ಟೈರ್ ಬದಿಗೆ ಒತ್ತಿದಾಗ, ಗೋಡೆಗೆ ಒರಗದ ಆ ಒಂದು ಗೇಣು ಜಾಗದಿಂದ ಗಾಳಿ ಭುಸ್ ಎಂದು ಹೋಗಬಹುದು. ಮುಂದಿನ ಚಕ್ರದಲ್ಲಿ ಹಾಗಾದರೆ ಹ್ಯಾಂಡಲ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಹೊಸ ಟೈರ್ ಹಾಕಿದ ಮೇಲೆ ಮೊದಲ ಸವಾರಿ ಮನೆ ಹತ್ತಿರದ ರಸ್ತೆಯಲ್ಲೇ ಇರಲಿ. ಹದಿನೈದು ನಿಮಿಷ ಓಡಿಸಿ, ವಾಪಸ್ ಬಂದು ಎರಡೂ ಬದಿಯ ಗೆರೆಯನ್ನು ಇನ್ನೊಮ್ಮೆ ಸುತ್ತಲೂ ನೋಡಿ, ಆಮೇಲೆ ಬೆಟ್ಟಕ್ಕೆ ಹೋಗಿ.